ಮಕ್ಕಳ ಆಟಿಗೆ ಯಾರದು?

ದಾನವೆಂದರೇನೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಖಚಿತವಾಗಿ ಹೇಳಿರುವರು. ಕೊಡುವವನು ಒಂದು ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ಸಂಪೂರ್ಣವಾಗಿ ತೊರೆದು, ಪಡೆಯುವವನ ಸ್ವತ್ವವನ್ನು ಅದರಲ್ಲಿ ನೆಲೆಗೊಳಿಸಿದಾಗಲೇ ಅದು ದಾನವೆನಿಸುವುದು. ‘ನ ಮಮ’, ಇದು ನನ್ನದಲ್ಲ, ಎಂದು ಬಾಯಿಬಿಟ್ಟು ಹೇಳುವುದು ಈ ಕಾರಣಕ್ಕಾಗಿಯೇ. ಭೂದಾನ, ಗೋದಾನಗಳಲ್ಲಿ ಈ ನಿಯಮವನ್ನು ನಾವು ಸಹಜವಾಗಿ ಒಪ್ಪುತ್ತೇವೆ. ದಾನವಿತ್ತ ಹೊಲಕ್ಕೆ ಮರುವರ್ಷ ಕೂರಿಗೆ ಹೂಡಿಕೊಂಡು ಹೋದವನನ್ನು ಕಂಡು ಊರೇ ನಗುವುದು. ಆದರೆ ಪ್ರತಿಯೊಂದು ಮನೆಯಲ್ಲಿಯೂ ನಡೆಯುವ ಅತಿ ಸಣ್ಣ ಕೊಡುಗೆಯೊಂದುಂಟು. ಅದು ಮಕ್ಕಳಿಗೆ ನಾವು ಕೊಡುವ ಆಟಿಗೆ. ಅದರಲ್ಲಿ ಈ ನಿಯಮವನ್ನು ಪಾಲಿಸುತ್ತಿರುವೆವೋ ಇಲ್ಲವೋ ಎಂದು ನಾವು ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡವನಲ್ಲ. ಆರು ವರ್ಷದ ಕೂಸೊಂದು ಕೇಳುವಂತೆ ಮಾಡಿತು.

ಸಂಗತಿ ಸಣ್ಣದು. ಬೇಸಗೆಯ ರಜೆಗೆಂದು ಸೇಡಂನ ನಮ್ಮ ಮನೆಗೆ ಬಂದ ಮೊಮ್ಮಗನಿಗೆ ನಾನು ಕಲಬುರ್ಗಿಯಿಂದ ಬ್ಯಾಟರಿಯ ಕಾರೊಂದನ್ನು ತಂದಿದ್ದೆ. ಕೈಯಲ್ಲಿ ಚಿಕ್ಕ ಪೆಟ್ಟಿಗೆ ಹಿಡಿದು ಗುಂಡಿ ಒತ್ತಿದರೆ ಅದು ಅಂಗಳದ ಫರಸಿಯ ಮೇಲೆ ತಾನೇ ಹೊರಳಿ ಓಡುವುದು. ಬೆಲೆ ಎರಡು ಸಾವಿರ ರೂಪಾಯಿಗೆ ತುಸು ಹೆಚ್ಚು. ‘ಇದು ನಿಂದು’ ಎಂದು ಎಲ್ಲರ ಎದುರಿಗೆ ಹೇಳಿ ಅವನ ಕೈಗಿತ್ತೆ. ಮೂರನೆಯ ದಿನ ಕಾರು ಕಾಣಲಿಲ್ಲ. ವಿಚಾರಿಸಲಾಗಿ, ಹಿತ್ತಲಿನ ಆಚೆ ಬಾಡಿಗೆಗಿದ್ದ, ಕಲ್ಲಿನ ಖಣಿಯಲ್ಲಿ ದುಡಿಯುವವರ ಹುಡುಗನಿಗೆ ಅದನ್ನು ಕೊಟ್ಟುಬಿಟ್ಟಿರುವನೆಂದು ತಿಳಿಯಿತು. ಕೂಡಲೆ ಹೋಗಿ ಮರಳಿ ತಂದೆನು. ಆ ಹುಡುಗನ ತಾಯಿ, “ತಗೊಳ್ರಿ ಯಪ್ಪಾ, ಹುಡುಗ ತಿಳೀದೆ ತಂದಾನ್ರಿ” ಎಂದು ಕೈಮುಗಿದಳು. ಅವನು ಕದ್ದಿರಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡಿದ್ದನು. ಆದರೂ ಅವಳು ಕ್ಷಮೆ ಬೇಡಿದಳು, ನಾನು ಬೇಡಿಸಿಕೊಂಡೆನು. ಮನೆಗೆ ಬಂದಾಗ ಮೊಮ್ಮಗನು ಅಳಲಿಲ್ಲ. “ಮುತ್ಯಾ, ಅದು ನಂದಲ್ಲೇನು? ನಿಂದೇ ಅಂತ ನೀನೇ ಅಂದಿದ್ದಿ” ಎಂದಷ್ಟೇ ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ಪ್ರಶ್ನೆಯು ನನ್ನ ಬಾಲ್ಯದಲ್ಲಿ ಏಳುವ ಸಂಭವವೇ ಇರಲಿಲ್ಲ. ನಾನು ಆಡಿದ ಕಾಲವೆಂದರೆ 1956ರ ರಾಜ್ಯಪುನರ್ರಚನೆಯ ಆಸುಪಾಸು. ಅಂದಿನ ನಮ್ಮ ಆಟಿಗೆಗಳಲ್ಲಿ ಬೆಲೆ ಕೊಟ್ಟು ತಂದವು ಎಷ್ಟು? ಜೋಳದ ರಾಶಿಯಾದ ಬಳಿಕ ದಂಟನ್ನು ಸುಲಿದು, ಒಳಗಿನ ಬೆಂಡಿಗೆ ಹೊರಗಿನ ಸೀಳುಗಳನ್ನು ಚುಚ್ಚಿ ಬಂಡಿ ಮಾಡುತ್ತಿದ್ದೆವು; ಗಾಲಿ, ಮೂಕಿ, ನೊಗ ಎಲ್ಲವೂ ದಂಟಿನವೇ. ಹುಣಸೆಯ ಬೀಜವನ್ನು ಫರಸಿಯ ಮೇಲೆ ಒಂದು ಮಗ್ಗುಲಿಗೆ ತೇಯ್ದರೆ ಚೌಕಾಬಾರದ ದಾಳವಾಯಿತು. ಅದೇ ಕಲ್ಲಿನ ಚಪ್ಪಟೆ ಚೂರು ಕುಂಟಬಿಲ್ಲೆಗೆ ಒದಗಿತು. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವೆಲ್ಲಿಯದು? ಶಹಾಬಾದದ ಹೆಸರು ಹೊತ್ತ ಆ ಕಲ್ಲು ದೂರದೂರುಗಳ ಮನೆಗೆ ನೆಲಹಾಸಾಗಿ ಹೋಗುತ್ತಿದ್ದರೆ, ಅದರ ಉಳಿದ ಚೂರುಗಳು ನಮ್ಮ ಪಾಲಿಗೆ ಬರುತ್ತಿದ್ದವು. ಅಕ್ಕತಂಗಿಯರಿಗೆ ಹರಕು ಸೀರೆಯ ಗೊಂಬೆ. ಸೈಕಲ್ಲು ಇದ್ದವರ ಮನೆಯಿಂದ ಹಳೆಯ ಟಾಯರೊಂದು ದೊರೆತರೆ ಅದನ್ನು ಕೋಲಿನಿಂದ ಹೊಡೆದು ಓಡಿಸುವವನೇ ಓಣಿಗೆ ಅರಸು. ಬಡಿಗರವನು ಕಡೆದು ಮೊಳೆ ಹೊಡೆದುಕೊಡುತ್ತಿದ್ದ ಬುಗುರಿ ಮಾತ್ರ ಕಾಸಿನ ವಸ್ತು.

ಇವೆಲ್ಲಕ್ಕಿಂತ ಮಿಗಿಲಾದದ್ದು ಮಣ್ಣು. ನಮ್ಮ ಕಡೆಗೆ ವರ್ಷದ ಒಂದು ಭಾಗವೇ ಮಣ್ಣಿನ ಮೂರ್ತಿಗಳ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಅದರಲ್ಲಿಯೂ ಮಣ್ಣೆತ್ತು ಮಕ್ಕಳ ಕೈಗೆ ಸೇರಿದ್ದು. ಎರೆಮಣ್ಣನ್ನು ಕಲಸಿ ಜೋಡೆತ್ತು ಮಾಡಿ, ಮುಂದೆ ಗೋದಲಿ ಕಟ್ಟಿ, ದೇವರ ಜಗುಲಿಯ ಮೇಲೆ ಇಟ್ಟು ಪೂಜಿಸುವರು. ಬೆಳಿಗ್ಗೆ ಆಟಿಗೆಯಾಗಿದ್ದುದು ಮಧ್ಯಾಹ್ನ ದೇವರಾಗುವುದು. ಕೆಲದಿನ ಕಳೆದ ಮೇಲೆ ನೀರಿಗೋ ಹೊಲಕ್ಕೋ ಸೇರಿ ಮತ್ತೆ ಮಣ್ಣಾಗುವುದು. ಹೀಗೆ ಮಾಡುವುದು, ಆಡುವುದು, ಬಿಟ್ಟುಕೊಡುವುದು ಈ ಮೂರನ್ನೂ ಮಕ್ಕಳು ಒಂದೇ ವಸ್ತುವಿನಲ್ಲಿ ಕಲಿಯುತ್ತಿದ್ದರು. ಕೋಡು ಮುರಿದರೆ ಬೈಯುವವರಿರಲಿಲ್ಲ. ಗೆಳೆಯನಿಗೆ ಕೊಟ್ಟರೆ ಕೇಳುವವರಿರಲಿಲ್ಲ. ಬೆಲೆಯಿಲ್ಲದ ವಸ್ತುವಾದುದರಿಂದ ಅದರ ಮೇಲೆ ಹಿರಿಯರಿಗೆ ಕಣ್ಣಿರಲಿಲ್ಲ. ಹುಡುಗನೇ ಅದರ ನಿಜವಾದ ಒಡೆಯನಾಗಿದ್ದನು.

ಪೇಟೆಯ ಆಟಿಗೆ ನಮ್ಮಲ್ಲಿಗೆ ಮೆಲ್ಲಮೆಲ್ಲನೆ ಬಂದಿತು. ವಾಡಿಯಿಂದ ಹೈದರಾಬಾದಿನ ಕಡೆಗೆ 1874ರಲ್ಲಿಯೇ ರೈಲು ಓಡಿದ್ದರೂ ಮಕ್ಕಳ ಪಾಲಿಗೆ ಪೇಟೆಯೆಂದರೆ ಜಾತ್ರೆಯೇ. ಕಲಬುರ್ಗಿಯ ಶರಣಬಸವೇಶ್ವರ ಜಾತ್ರೆಯಿಂದ ಪೀಪಿ, ಗಿರಿಗಿಟ್ಟಲೆ, ಚಾವಿ ಕೊಟ್ಟರೆ ಓಡುವ ತಗಡಿನ ಗಾಡಿ ವರ್ಷಕ್ಕೊಮ್ಮೆ ಮನೆಗೆ ಬಂದರೆ ಅದೇ ಸಂಭ್ರಮ. ಚನ್ನಪಟ್ಟಣದವರು ಹಾಲೆಮರದ ತುಂಡನ್ನು ತಿರುಗಿಸಿ ಕಡೆಯುತ್ತ, ಆ ತಿಕ್ಕಾಟದ ಕಾವಿನಿಂದಲೇ ಅರಗಿನ ಬಣ್ಣ ಹಿಡಿಸಿ ಮಾಡುವ ಗೊಂಬೆಗಳೂ, ಹಗುರ ಕಟ್ಟಿಗೆಗೆ ಹುಣಸೆಬೀಜದ ಅಂಟು ಬಳಿದು ಬಣ್ಣವಿಡುವ ಕಿನ್ನಾಳದವರ ಕೆಲಸವೂ ಶ್ರೇಷ್ಠವಾದವು. ಆದರೂ ನಮ್ಮ ಓಣಿಯ ಹುಡುಗರು ಅವನ್ನು ಕಂಡುದು ಕಡಿಮೆ. ಬಳಿಕ ಪ್ಲಾಸ್ಟಿಕ್ಕು ಬಂದಿತು, ಅದರ ಹಿಂದೆ ಬ್ಯಾಟರಿ, ಅದರ ಹಿಂದೆ ಚೀನಾದ ಅಗ್ಗದ ಸಾಮಾನು. ಕೇಂದ್ರ ಸರಕಾರವು 2020ರಲ್ಲಿ ಆಟಿಗೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿತು. 2021ರ ಜನವರಿ 1ರಿಂದ ಮಾನಕ ಸಂಸ್ಥೆಯ ಮುದ್ರೆಯಿಲ್ಲದ ಆಟಿಗೆ ಮಾರಕೂಡದೆಂದು ಕಟ್ಟುಮಾಡಿತು. ಕೂಸು ಬಾಯಿಗಿಟ್ಟುಕೊಳ್ಳುವ ವಸ್ತುವಿನಲ್ಲಿ ವಿಷದ ಬಣ್ಣ ಇರಬಾರದೆಂಬುದು ಒಪ್ಪತಕ್ಕ ಮಾತೇ ಸರಿ.

ಹೊಸ ಆಟಿಗೆಯೆಲ್ಲ ಕೃತ್ರಿಮ, ಹಳೆಯದೆಲ್ಲ ಸಹಜ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ವಾಡಿ, ಶಹಾಬಾದ, ಸೇಡಂಗಳ ಹುಡುಗರು ಇಂದು ಜೆಸಿಬಿಯ ಗೊಂಬೆಯಿಂದ ಮಣ್ಣು ತೋಡಿ ಲಾರಿಗೆ ತುಂಬುವರು. ಅದೇಕೆ ಕೃತ್ರಿಮ? ಅವರ ತಂದೆಯರು ಖಣಿಯಲ್ಲಿಯೂ ಸಿಮೆಂಟಿನ ಕಾರಖಾನೆಯಲ್ಲಿಯೂ ದುಡಿಯುವರು. ಒಕ್ಕಲಿಗನ ಮಗ ಬಂಡಿ ಮಾಡಿದಂತೆಯೇ ಇದೂ. ಹರಪ್ಪಾ, ಮೊಹೆಂಜೊದಾರೊಗಳ ಅಗೆತದಲ್ಲಿ ದೊರೆತ, 4,000 ವರ್ಷಗಳಿಗೂ ಹಿಂದಿನ ಮಣ್ಣಿನ ಪುಟ್ಟ ಬಂಡಿಗಳು ಕೂಡ ಅಂದಿನ ಹಿರಿಯರ ಬಂಡಿಗಳ ಅನುಕರಣವೇ. ಆಟಿಗೆಯ ರೂಪವು ಹಿರಿಯರ ಉದ್ಯೋಗವನ್ನು ಹಿಂಬಾಲಿಸುವುದು ಲೋಕಸ್ವಭಾವ. ಬದಲಾದದ್ದು ರೂಪಕ್ಕಿಂತ ಹೆಚ್ಚಾಗಿ ಒಡೆತನ. ವಸ್ತುವಿಗೆ ಬೆಲೆ ಬಂದ ಕೂಡಲೆ ಅದು ಮನೆಯ ಆಸ್ತಿಯ ಲೆಕ್ಕಕ್ಕೆ ಸೇರಿತು. ‘ಒಡೆಯಬೇಡ’, ‘ಹೊರಗೆ ಒಯ್ಯಬೇಡ’, ‘ಅವರ ಕೈಗೆ ಕೊಡಬೇಡ’ ಎಂಬ ನಿಬಂಧನೆಗಳು ಅದರ ಜೊತೆಗೇ ಬಂದವು. ಎಷ್ಟು ಮನೆಗಳ ಪಡಸಾಲೆಯಲ್ಲಿ ಗಾಜಿನ ಕಪಾಟಿನೊಳಗೆ ಒಳ್ಳೊಳ್ಳೆಯ ಆಟಿಗೆಗಳು ಬಂದವರಿಗೆ ಕಾಣುವಂತೆ ನಿಂತಿರುತ್ತವೆ! ಮಕ್ಕಳು ಹೊರಗಿನಿಂದ ಗಾಜಿಗೆ ಮೂಗೊತ್ತಿ ನೋಡುವರು. ಅವು ಮಕ್ಕಳ ಹೆಸರಿನಲ್ಲಿ ಹಿರಿಯರು ಕೊಂಡ ಹಿರಿಯರ ಆಟಿಗೆಗಳೆಂದರೆ ತಪ್ಪಾಗದು.

ಇಲ್ಲಿ ಒಂದು ಆಕ್ಷೇಪವು ಏಳುವುದು. ‘ನೀವು ಕೊಂಡಾಡುವ ದಂಟಿನ ಬಂಡಿಯು ಬಡತನದ ಕೂಸಲ್ಲವೇ?’ ಎಂದು ಯಾರಾದರೂ ಕೇಳಬಹುದು. ನಿಜ. ನನ್ನೊಡನೆ ಬಂಡಿ ಮಾಡುತ್ತಿದ್ದವರಲ್ಲಿ ಅತ್ಯಂತ ಕುಶಲನಾದವನು ಶಾಲೆಯ ಮುಖ ಕಂಡಿರಲಿಲ್ಲ. ಒಬ್ಬರ ಮನೆಯಲ್ಲಿ ದನ ಕಾಯುತ್ತಿದ್ದನು. ದಂಟು ಸೀಳುವ ಬಿಡುವು ಅವನಿಗೆ ದೊರೆತುದು ಮೇವಿನ ಹೊಲದಲ್ಲಿ. ನಮ್ಮ ಅಕ್ಕತಂಗಿಯರ ಗೊಂಬೆಯಾಟವೂ ಬಹಳ ಮಟ್ಟಿಗೆ ಒಲೆ, ತೊಟ್ಟಿಲುಗಳ ಅಭ್ಯಾಸವಾಗಿತ್ತು. ಅದು ಮುಗಿಯುವ ಮೊದಲೇ ನಿಜವಾದ ಒಲೆ, ತೊಟ್ಟಿಲು ಅವರ ಕೈಗೆ ಬರುತ್ತಿದ್ದವು. 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವು ಹಕ್ಕೆಂದು ಕಾಯದೆಯಾದುದು 2009ರಲ್ಲಿ. ಆ ಹಳೆಯ ದಿನಗಳು ಮರಳಿ ಬರಲೆಂದು ನಾನು ಬೇಡುವುದಿಲ್ಲ. ಆದರೆ ಬಡತನವು ಆ ಹುಡುಗನಿಂದ ಬಹಳವನ್ನು ಕಸಿದುಕೊಂಡಿದ್ದರೂ ತನ್ನ ಬಂಡಿಯ ಮೇಲಿನ ಒಡೆತನವನ್ನು ಕಸಿದಿರಲಿಲ್ಲ. ಅನುಕೂಲವಂತನಾದ ನಾನು ನನ್ನ ಮೊಮ್ಮಗನಿಂದ ಅದನ್ನು ಕಸಿದುಕೊಂಡೆನು. ಇದು ವಿಚಾರಾರ್ಹವಲ್ಲವೇ?

ಮಕ್ಕಳಿಗೆ ಹೊಳಪಿನ ವಸ್ತುವಿನ ಮೋಹವು ಈ ಕಾಲದಲ್ಲಿ ಅಂಟಿದ ರೋಗವೆಂದು ತಿಳಿಯುವವರು ಶೂದ್ರಕನ ‘ಮೃಚ್ಛಕಟಿಕ’ವನ್ನು ನೆನೆಯಬೇಕು. ಆ ನಾಟಕದ ಹೆಸರೇ ‘ಮಣ್ಣಿನ ಬಂಡಿ’. ಚಾರುದತ್ತನ ಮಗನಾದ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದವನು. ಅದನ್ನು ಅವರು ಒಯ್ದ ಮೇಲೆ ಮಣ್ಣಿನ ಬಂಡಿ ಒಲ್ಲೆನೆಂದು ಅಳುವನು. ವಸಂತಸೇನೆಯು ತನ್ನ ಆಭರಣಗಳನ್ನು ಕಳಚಿ, ಇವುಗಳಿಂದ ಚಿನ್ನದ ಬಂಡಿ ಮಾಡಿಸಿಕೋ ಎಂದು ಆ ಮಣ್ಣಿನ ಬಂಡಿಯಲ್ಲಿಯೇ ತುಂಬುವಳು. ಮುಂದೆ ಆ ಆಭರಣಗಳೇ ನ್ಯಾಯಸಭೆಯಲ್ಲಿ ಚಾರುದತ್ತನಿಗೆ ಮುಳುವಾಗುವುವೆಂಬುದು ವಾಚಕರಿಗೆ ತಿಳಿದುದೇ ಇದೆ. ಆದರೂ ಅವಳ ಕೊಡುಗೆಯಲ್ಲಿ ಕುಂದಿಲ್ಲ, ಅವಳು ಕೊಟ್ಟ ಮೇಲೆ ಮರಳಿ ಕೇಳಲಿಲ್ಲ. ಚಿನ್ನದ ಬಂಡಿಯ ಮನೆಯವರು ಮಾಡಿದ್ದನ್ನೇ ನಾನು ಮಾಡಿದೆನೆಂಬುದು ನನ್ನ ಮನಸ್ಸಿಗೆ ಆಮೇಲೆ ಹೊಳೆಯಿತು. ಅವರಾದರೂ ತಮ್ಮ ವಸ್ತುವನ್ನು ಒಯ್ದರು, ನಾನು ಬೇರೊಬ್ಬನದನ್ನು ಒಯ್ದೆನು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಿಗಿಯಾದುದು. ‘ವಸ್ತುವನ್ನು ಜೋಪಾನವಾಗಿಟ್ಟುಕೊಳ್ಳುವುದನ್ನೂ ಮಕ್ಕಳಿಗೆ ಕಲಿಸಬೇಡವೇ? ಎರಡು ಸಾವಿರದ ಕಾರನ್ನು ಮೂರೇ ದಿನಕ್ಕೆ ಕೊಟ್ಟುಬಿಡುವವನು ನಾಳೆ ಮನೆಯನ್ನೇ ಕೊಟ್ಟಾನು’ ಎಂದು ಮನೆಯವರೇ ನನ್ನ ಪರವಾಗಿ ವಾದಿಸಿದರು. ಮಿತವ್ಯಯವು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೋಪಾನವೆಂಬುದು ತನ್ನದೆಂಬ ಭಾವದಿಂದ ಹುಟ್ಟತಕ್ಕದ್ದು. ನನ್ನ ಮೊಮ್ಮಗನು ಕಾರನ್ನು ಒಡೆದಿರಲಿಲ್ಲ, ಎಸೆದಿರಲಿಲ್ಲ. ತನಗಿಂತ ಹೆಚ್ಚು ಆಸೆಯಿಂದ ನೋಡುತ್ತಿದ್ದವನಿಗೆ ಕೊಟ್ಟಿದ್ದನು. ಅದನ್ನು ಉಡಾಫೆಯೆಂದು ಕರೆದರೆ ಔದಾರ್ಯವೆಂದು ಯಾವುದನ್ನು ಕರೆಯೋಣ? ಎರಡು ಸಾವಿರವು ನಮಗೆ ಬಿಡಲಾರದ ಮೊತ್ತವಾಗಿದ್ದರೆ ಅಷ್ಟು ಬೆಲೆಯ ವಸ್ತುವನ್ನು ತರುವಾಗಲೇ ನಾನು ಯೋಚಿಸಬೇಕಾಗಿತ್ತು.

ಈಗಿನ ಮಕ್ಕಳ ಕೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಮೊಬೈಲಿನ ವಿಷಯದಲ್ಲಿಯೂ ಇದೇ ಮಾತು. 2020ರ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಅನೇಕರಿಗೆ ಶಾಲೆಯೂ ಆಯಿತು, ಆಟದ ಬಯಲೂ ಆಯಿತು. ಅದರ ಕೇಡುಗಳನ್ನು ಕುರಿತು ಎಲ್ಲರೂ ಹೇಳುವರು. ನಾನು ಒಂದನ್ನೇ ಹೇಳುವೆನು. ಅದು ಕೂಸಿನದಲ್ಲ, ತಂದೆಯದು. ಅಳು ನಿಲ್ಲಿಸಲು ಕೊಡುವರು, ಕರೆ ಬಂದಾಗ ಕಸಿದುಕೊಳ್ಳುವರು. ಅದರಲ್ಲಿ ಕಟ್ಟಿದ ಮನೆಯನ್ನು ಗೆಳೆಯನ ಕೈಯಲ್ಲಿಡಲು ಬರುವುದಿಲ್ಲ, ಹೊಲದಲ್ಲಿ ಬಿಟ್ಟುಬರಲೂ ಬರುವುದಿಲ್ಲ. ಬೇರೆಯವರ ವಸ್ತುವಿನೊಡನೆ ಬೇರೆಯವರ ಅನುಗ್ರಹ ಇರುವಷ್ಟು ಹೊತ್ತು ಆಡುವ ಮಗುವು ಕೊಡುವುದನ್ನು ಎಲ್ಲಿ ಕಲಿಯಬೇಕು?

ಆದುದರಿಂದ ನನಗೆ ತೋರುವುದಿಷ್ಟು. ಆಟಿಗೆಯು ಮಣ್ಣಿನದಿರಲಿ, ಯಂತ್ರದ್ದಿರಲಿ, ಕೊಡುವಾಗ ಸತ್ಯವಿರಬೇಕು. ಬಿಡಲು ಸಾಧ್ಯವಾದುದನ್ನು ‘ನಿಂದು’ ಎಂದು ಕೊಟ್ಟು, ಅದು ಮುರಿಯಲಿ, ಬದಲಾಗಲಿ, ಬೇರೆಯವರ ಮನೆ ಸೇರಲಿ, ನಾವು ಸುಮ್ಮನಿರಬೇಕು. ಬಿಡಲಾರದುದನ್ನು ‘ಇದು ಮನೆಯದು, ಆಡಿ ಇಲ್ಲಿಯೇ ಇಡು’ ಎಂದು ಮೊದಲೇ ಹೇಳಬೇಕು. ಮಕ್ಕಳು ಅದನ್ನು ತಿಳಿದುಕೊಳ್ಳಲಾರದಷ್ಟು ಮಂದರಲ್ಲ. ‘ನಿಂದು’ ಎಂದು ಹೇಳಿ ‘ನಮ್ಮದು’ ಎಂದು ನಡೆದುಕೊಳ್ಳುವುದು ಮಾತ್ರ ಸಲ್ಲದು. ಹಾಗೆ ಬೆಳೆದವನು ದೊಡ್ಡವನಾದ ಮೇಲೆ ಕೊಟ್ಟ ಮಾತಿಗೂ ಕೊಟ್ಟ ವಸ್ತುವಿಗೂ ಅದೇ ಅರ್ಥವನ್ನು ಹಚ್ಚಿದರೆ ಅವನನ್ನು ದೂರುವ ಅಧಿಕಾರ ನಮಗಿಲ್ಲ.

ಎಂಟು ದಿನಗಳ ಬಳಿಕ ಕಾರನ್ನು ಕೈಯಲ್ಲಿ ಹಿಡಿದು, ಮೊಮ್ಮಗನನ್ನೂ ಕರೆದುಕೊಂಡು ಹಿತ್ತಲಿನ ಆಚೆ ಹೋದೆನು. ಮನೆಗೆ ಕೀಲಿ ಬಿದ್ದಿತ್ತು. ದುಡಿಮೆ ಹುಡುಕಿಕೊಂಡು ಮುಂಬಯಿಗೆ ಹೋದರೆಂದು ಪಕ್ಕದವರು ಹೇಳಿದರು. ಯಾವ ಠಾವೆಂದು ಅವರಿಗೂ ತಿಳಿದಿರಲಿಲ್ಲ. ರಜೆ ಮುಗಿದು ಹೊರಡುವಾಗ ಮೊಮ್ಮಗನು ಕಾರನ್ನು ಒಯ್ಯಲಿಲ್ಲ. ಅದು ನಮ್ಮ ಕಪಾಟಿನಲ್ಲಿದೆ. ಬಂದವರು ಯಾರದೆಂದು ಕೇಳಿದರೆ, ಹಿತ್ತಲಿನ ಆಚೆಯ ಹುಡುಗನದೆಂದು ಹೇಳುತ್ತೇನೆ.