ಆರಿಸದ ಮಾತು

ನುಡಿಯೂ ಒಂದು ದಾಸೋಹವೇ. ದಾಸೋಹಕ್ಕೆ ತಂದ ಅಕ್ಕಿಯನ್ನು ಗೃಹಿಣಿಯು ಕಲ್ಲು ಆರಿಸದೆ ಬೇಯಿಸಲಾರಳು. ಆದರೆ ರೋಗಭಯವು ಆವರಿಸಿದ ದಿನಗಳಲ್ಲಿ, ಕಿವಿಗೆ ಬಿದ್ದ ಮದ್ದಿನ ಮಾತು ಮಾತ್ರ ಆರಿಸದೆಯೇ ನೆರೆಮನೆಗೆ ದಾಟುವುದುಂಟು.

ಇದರ ಫಲವನ್ನು ಲೋಕವು ಕಂಡಿದೆ. 2014ರಲ್ಲಿ ನೈಜೀರಿಯಕ್ಕೆ ಎಬೋಲಾ ರೋಗವು ಬಂದಾಗ, ಉಪ್ಪುನೀರು ಕುಡಿದರೆ ಅದು ತಗಲದೆಂಬ ವದಂತಿಯು ಮೊಬೈಲ್ ಸಂದೇಶಗಳಲ್ಲಿ ಹಬ್ಬಿತು. ಅದನ್ನು ಕುಡಿದು ಕನಿಷ್ಠ ಇಬ್ಬರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿತು. 2020ರಲ್ಲಿ ಇರಾನಿನ ಜನರು, ಮದ್ಯವು ಕೊರೋನಾವನ್ನು ನಾಶಮಾಡುವುದೆಂಬ ಸುದ್ದಿಯನ್ನು ನಂಬಿ ಮೆಥನಾಲ್ ಬೆರೆತ ಕಳ್ಳಮದ್ಯವನ್ನು ಕುಡಿದರು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನೇ ಕೆಡಿಸುವ ವಿಷ. ನೂರಾರು ಜನರು ಸತ್ತರು; ಹಲವರು ದೃಷ್ಟಿ ಕಳೆದುಕೊಂಡರು. ಮದ್ಯಸಾರವನ್ನು ಕೈಗೆ ಹಚ್ಚಿದರೆ ರೋಗಾಣು ಸಾಯುವುದು ನಿಜ. ಕುಡಿದರೆ ರೋಗ ಹೋಗುವುದೆಂಬುದು ಸುಳ್ಳು. ಆ ಅರ್ಧಸತ್ಯವೇ ಸುಳ್ಳಿಗೆ ಬಲವಾಯಿತು.

ಇಂಥ ಮಾತನ್ನು ಹರಡುವವರೆಲ್ಲರೂ ದುಷ್ಟರಲ್ಲ. ತಾಯಿ ಮಗನಿಗೆ, ನೆಂಟನು ನೆಂಟನಿಗೆ ಪ್ರೀತಿಯಿಂದಲೇ ಹೇಳುವರು. ಅಲ್ಲಿ ದಯೆಯುಂಟು, ಅರಿವಿಲ್ಲ. ಶರಣರು ದಯೆಯೊಡನೆ ಅರಿವನ್ನೂ ಬೋಧಿಸಿದುದು ವ್ಯರ್ಥವಲ್ಲ.

ಆದುದರಿಂದ ರೋಗಕಾಲದಲ್ಲಿ ಸುದ್ದಿಯೊಂದು ಕೈಗೆ ಬಂದಾಗ ಸದ್ಭಕ್ತನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಇದನ್ನು ಹೇಳಿದವರಾರು? ಅವರಿಗೆ ತಿಳಿದುದು ಹೇಗೆ? ಬಲ್ಲ ವೈದ್ಯರು ಇದನ್ನು ಒಪ್ಪುವರೆ? ಉತ್ತರವು ದೊರೆಯುವ ತನಕ ಆ ಸುದ್ದಿಯು ಅವನಲ್ಲಿಯೇ ನಿಲ್ಲಲಿ. ಆಡದೆ ಉಳಿದ ಮಾತಿನಿಂದ ಒಂದು ಜೀವವು ಉಳಿಯುವುದಾದರೆ, ಆ ಮೌನವೂ ದಾಸೋಹವೇ ಸರಿ.