ಬದುಕಿದ್ದೇನೆ ಎಂಬ ಬೇಡಿಕೆ

ದೆಹಲಿಯ ಕನಾಟ್ ಪ್ಲೇಸ್ ಹತ್ತಿರ ಆಫೀಸಿದ್ದಾಗ, ಊಟದ ಬಿಡುವಿನಲ್ಲಿ ಜಂತರ್ ಮಂತರ್ ರಸ್ತೆಯವರೆಗೆ ಸುತ್ತಾಡಿ ಬರುವುದು ನಮ್ಮ ರೂಢಿ. 1993ರಲ್ಲಿ ಬೋಟ್ ಕ್ಲಬ್‌ನಿಂದ ಎಬ್ಬಿಸಿದ ಮೇಲೆ ಧರಣಿಗಳೆಲ್ಲ ಬಂದು ಕೂತದ್ದು ಅಲ್ಲೇ. ಬ್ಯಾನರು ಓದಿ, ಇವತ್ತಿನ ವಿಚಿತ್ರ ಬೇಡಿಕೆ ಯಾವುದೆಂದು ಆರಿಸಿ, ನಗುತ್ತ ವಾಪಸಾಗುತ್ತಿದ್ದೆವು.

ಒಂದು ಮಧ್ಯಾಹ್ನ ಒಬ್ಬರು ಕೊರಳಿಗೆ ರಟ್ಟು ನೇತುಹಾಕಿಕೊಂಡು ಕೂತಿದ್ದರು: 'ಮೈ ಜಿಂದಾ ಹೂಂ'. ಬದುಕಿದ್ದೇನೆ ಅನ್ನುವುದೂ ಒಂದು ಬೇಡಿಕೆಯೇ? ಅವತ್ತಿನ ಬಹುಮಾನ ಅವರಿಗೇ.

ವಿಷಯ ತಿಳಿದದ್ದು ಆಮೇಲೆ. ಉತ್ತರಪ್ರದೇಶದಲ್ಲಿ ಜಮೀನಿನ ಆಸೆಗೆ ದಾಯಾದಿಗಳು ಲಂಚ ಕೊಟ್ಟು, ಬದುಕಿರುವವರನ್ನೇ ಕಂದಾಯ ದಾಖಲೆಯಲ್ಲಿ ಮೃತರೆಂದು ಬರೆಸುವುದುಂಟು. ಆಜಂಗಢದ ಲಾಲ್ ಬಿಹಾರಿ ಹಾಗೆ ಕಾಗದದಲ್ಲಿ ಸತ್ತು, ಮತ್ತೆ ಬದುಕಿದ್ದು 1994ರಲ್ಲಿ. ನಡುವೆ 'ಮೃತಕ ಸಂಘ' ಕಟ್ಟಿದರು, ಹೆಸರಿಗೆ 'ಮೃತಕ' ಸೇರಿಸಿಕೊಂಡರು, ಇರುವಿಕೆಗೆ ದಾಖಲೆಯಾಗಲೆಂದು ಚುನಾವಣೆಗೂ ನಿಂತರು. ಸರಿಯಾದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಮನುಷ್ಯ ವಿಚಿತ್ರವಾಗದೆ ಇನ್ನೇನಾಗಬೇಕು?

ಬಾಗಿಲು ಮುಚ್ಚುವುದು ನನಗೂ ಗೊತ್ತಿರುವ ಕೆಲಸ. ಬಳಕೆದಾರರು ತಮ್ಮ ಖಾತೆಯೇ ಕಾಣುತ್ತಿಲ್ಲ ಎಂದು ಗೋಗರೆದಾಗ, ಡೇಟಾಬೇಸಿನಲ್ಲಿ ಅಂಥವರಿಲ್ಲ ಎಂದು ಬರೆದು ಎಷ್ಟೋ ಟಿಕೆಟ್ ಮುಚ್ಚಿದ್ದೇನೆ. ದೂರು ವಿಚಿತ್ರವಾಗಿದ್ದಷ್ಟೂ ಮುಚ್ಚುವುದು ಸಲೀಸು.

ಅವತ್ತು ಆ ಮನುಷ್ಯ ಒಂದು ನೋಟ್‌ಬುಕ್ ಚಾಚಿ, "ಸಾಹೇಬರೇ, ನನ್ನನ್ನು ಕಣ್ಣಾರೆ ನೋಡಿದಿರಲ್ಲ, ಒಂದು ಸಹಿ ಹಾಕಿ" ಎಂದು ಹಿಂದಿಯಲ್ಲಿ ಕೇಳಿದ್ದರು. ನನ್ನ ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು. ಅದನ್ನು ಜೇಬಿಗೆ ತುರುಕಿ, ಎರಡು ಗಂಟೆಗೆ ಮೀಟಿಂಗ್ ಇದೆ ಎಂದೆ.