ನಿರ್ಲೇಪದ ರೇಖೆ

ಸಂಸಾರದಲ್ಲಿದ್ದೂ ಅದರ ಲೇಪಕ್ಕೆ ಒಳಗಾಗದವನು ಪರರ ದುಃಖಕ್ಕೂ ಬಧಿರನಾಗಿಬಿಡುವನೇ ಎಂಬ ಸಂಶಯವು, ಗೀತೆಯು ಹೇಳುವ ತಾವರೆಯೆಲೆಯ ದೃಷ್ಟಾಂತವನ್ನು ಕೇಳಿ ಬೆಳೆದ ನಮ್ಮನ್ನು ಆಗಾಗ ಕಾಡುವುದುಂಟು. ಆ ಸಂಶಯವನ್ನು ಆಂಗ್ಲ ಶಿಲ್ಪಿ ಹೆನ್ರಿ ಮೂರ್ ರಚಿಸಿದ ಚಿತ್ರಗಳ ಮುಂದಿಟ್ಟು ನೋಡಬಯಸುತ್ತೇನೆ.

1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಸುರಿಯುತ್ತಿದ್ದ ರಾತ್ರಿಗಳಲ್ಲಿ, ಭೂಗರ್ಭದ ರೈಲುನಿಲ್ದಾಣಗಳಲ್ಲಿಯೂ ಇನ್ನೂ ಹಳಿ ಹಾಸದ ಲಿವರ್‌ಪೂಲ್ ಸ್ಟ್ರೀಟಿನ ಸುರಂಗದಲ್ಲಿಯೂ ಸಾಲುಸಾಲಾಗಿ ಮಲಗಿದ್ದ ಜನರನ್ನು ಕಂಡು ಬಂದ ಆತನು, ಮಕ್ಕಳು ಬಳಸುವಂಥ ಮೇಣದ ಕ್ರೇಯಾನಿನಿಂದ ಅವರ ಆಕೃತಿಗಳನ್ನು ಗೀಚಿ, ಮೇಲೆ ಕಡುವರ್ಣದ ನೀರನ್ನು ಹರಿಯಬಿಟ್ಟನು. ಮೇಣವು ನೀರನ್ನು ಒಲ್ಲದು. ಬರಿಯ ಕಾಗದವು ಅದನ್ನು ಹೀರಿ ಕತ್ತಲೆಯ ಹಿನ್ನೆಲೆಯಾಗುವುದು. ಬಿಳಿಯ ಹಾಳೆಯ ಮೇಲೆ ಕಣ್ಣಿಗೇ ಬೀಳದಿದ್ದ ಬಿಳಿಮೇಣದ ಗೆರೆಯು ಆ ಕತ್ತಲೆ ಕವಿದ ಮೇಲೆಯೇ ಬೆಳಗುವುದು. ಪ್ರವಾಹವು ತನ್ನ ಮೇಲೆಯೇ ಹಾದುಹೋಗದಿದ್ದರೆ ನಿರ್ಲೇಪಕ್ಕೆ ಪ್ರಕಾಶವಾದರೂ ಎಲ್ಲಿಯದು? ಅರಣ್ಯವನ್ನು ಸೇರಿದವನ ವೈರಾಗ್ಯಕ್ಕಿಂತ ಸಂತೆಯಲ್ಲಿ ನಿಂತವನ ವೈರಾಗ್ಯವೇ ನನಗೆ ಹಿರಿದೆಂದು ತೋರುವುದು ಈ ಕಾರಣದಿಂದ. ಮೇಣದ ಮೇಲೆಯೂ ಅಲ್ಲಲ್ಲಿ ಕಿರುಹನಿಗಳು ನಿಂತು ಒಣಗಿ ಚುಕ್ಕೆಗಳಾಗುವುದುಂಟು. ಅದನ್ನು ದೋಷವೆಂದು ನಾನು ಎಣಿಸಲಾರೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆ ಸಂಕಟದ ಎದುರಿಗೆ ಕುಳಿತು ಚಿತ್ರ ಬರೆಯುವುದಕ್ಕೆ ಮೂರ್ ಒಪ್ಪಲಿಲ್ಲ. ಕಂಡದ್ದನ್ನು ಸ್ಮೃತಿಯಲ್ಲಿ ಹೊತ್ತು ತಂದು ಆಮೇಲೆ ಬರೆದನು. ಈ ಸಂಯಮವನ್ನು ವೈರಾಗ್ಯವೆನ್ನಬೇಕೋ ಕರುಣೆಯೆನ್ನಬೇಕೋ ಎಂದು ಯಾರಾದರೂ ಕೇಳಿದರೆ, ಅವೆರಡನ್ನೂ ಬೇರ್ಪಡಿಸಲು ನನ್ನ ಮನಸ್ಸು ಒಡಂಬಡದು.